ಒಂಬತ್ತು ತಿಂಗಳ ಗುಳೆ

2024ರ ಜನವರಿಯಲ್ಲಿ ನಮ್ಮ ಆಫೀಸಿನ ಊಟದ ಟೇಬಲ್ಲಿನ ಮೇಲೆ ಯಾರ ಫೋನ್ ನೋಡಿದರೂ ಒಂದೇ ಹಡಗು. ರಾಯಲ್ ಕೆರಿಬಿಯನ್ ಕಂಪನಿಯ 'ಸೆರೆನೇಡ್ ಆಫ್ ದ ಸೀಸ್'. ಹಿಂದಿನ ಡಿಸೆಂಬರ್ 10ಕ್ಕೆ ಅಮೆರಿಕದ ಮಯಾಮಿ ಬಿಟ್ಟಿತ್ತು. 274 ರಾತ್ರಿ ಜಗತ್ತು ಸುತ್ತಿ ಸೆಪ್ಟೆಂಬರಿಗೆ ವಾಪಸ್. ಹತ್ತಿದವರು ದಿನಾ ವಿಡಿಯೋ ಹಾಕತೊಡಗಿದ್ದೇ ತಡ, ಟಿಕ್‌ಟಾಕಿನಲ್ಲಿ ಅದೊಂದು ಧಾರಾವಾಹಿಯೇ ಆಗಿಹೋಯ್ತು. ಯಾರ ಜಗಳ, ಯಾರ ಪ್ರೇಮ, ಯಾರು ನಡುವೆ ಇಳಿದು ಹೋಗ್ತಾರೆ ಅಂತ ನೋಡುವವರು ಬಿಂಗೋ ಕಾರ್ಡ್ ಮಾಡಿಕೊಂಡು ಕೂತರು. ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲೇ ಬಂದ್ ಆಗಿದ್ದರೂ ಇನ್‌ಸ್ಟಾಗ್ರಾಮಿನ ಹಿತ್ತಲ ಬಾಗಿಲಿಂದ ಹಡಗು ಒಳಗೆ ಬಂದೇ ಬಂತು.

ನಾನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ಚಟ ಹತ್ತಿತ್ತು. ಒಂದು ರೀಲನ್ನು ನನ್ನ ಚಿಗವ್ವನ ಮಗನಿಗೆ ಕಳಿಸಿ, 'ಏನಲೇ, ಮಸ್ತ್ ಐತಲ್ಲ ನಿಮ್ಮ ಬಾಳೇವು' ಅಂತ ಬರೆದೆ. ಅವನು ಇರೋದು ಇನ್ನೊಂದು ಕಂಪನಿಯ ಇಂಥದೇ ಹಡಗಿನಲ್ಲಿ, ಹೌಸ್‌ಕೀಪಿಂಗ್ ಕೆಲಸ. ಹದಿನಾಲ್ಕು ತಾಸಿನ ಮೇಲೆ ವಾಯ್ಸ್ ಮೆಸೇಜ್ ಬಂತು. 'ಅಣ್ಣಾ, ಆ ಹಡಗಿನ್ಯಾಗ ಹಾಸಗಿ ಹಾಸೋರು ಯಾರಂತ ಯಾರರ ತೋರ್ಸ್ಯಾರೇನು? ಅವರದೂ ಒಂಬತ್ತ ತಿಂಗಳ ಇರಬೇಕು ನೋಡು, ಕಾಂಟ್ರ್ಯಾಕ್ಟ್.'

ಅವತ್ತಿನಿಂದ ಹಡಗಿನ ಕಥೆಗಳನ್ನು ಬೇರೆ ಕಣ್ಣಿಂದ ನೋಡೋ ರೋಗ ಹತ್ತಿದೆ. ಈ ಬರಹ ಆ ರೋಗದ್ದು.

ನಮ್ಮ ಜಿಲ್ಲೆ ಗೊತ್ತಿಲ್ಲದವರಿಗೆ ಒಂದು ಮಾತು. ಕೊಪ್ಪಳ ಜಿಲ್ಲೆಯೊಳಗೇ ಎರಡು ನಮೂನೆ ಭೂಮಿ ಇದೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತ, ರೈಸ್ ಮಿಲ್ಲು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲ, ಸಜ್ಜಿ, ಜ್ವಾಳ, ಶೇಂಗಾ. ಮಳೆ ಕೈಕೊಟ್ಟರೆ ನಮ್ಮ ಮಂದಿ ಗುಳೆ ಹೋಗ್ತಾರೆ. ಹತ್ತಿರ ಅಂದ್ರೆ ಗಂಗಾವತಿ ಕಡೆ ನಾಟಿಗೆ, ದೂರ ಅಂದ್ರೆ ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡದ ಕೆಲಸಕ್ಕೆ. ನಮ್ಮ ಕಾಕಾ ಗೋವಾಕ್ಕೆ ಹೋಗ್ತಿದ್ದ. ಅವನ ಮಗ ಹೊಸಪೇಟೆಯಲ್ಲಿ ಹೋಟೆಲಿನ ಕೆಲಸ ಕಲಿತು, ಗೋವಾ ದಾಟಿ ಹಡಗು ಹತ್ತಿದ. ಊರಾಗ ಕೇಳಿದ್ರೆ ಚಿಗವ್ವ ಈಗಲೂ 'ಅಂವ ಗುಳೇ ಹೋಗ್ಯಾನ್ರಿ, ಹಡಗಿಗೆ' ಅಂತಲೇ ಅನ್ನೋದು. ಆಕಿಗೆ ಅದರಲ್ಲಿ ತಮಾಷೆ ಏನೂ ಇಲ್ಲ. ಹೊರಟು ಹೋಗೋದು, ಇಂತಿಷ್ಟು ತಿಂಗಳಿಗೆ ಬರೋದು, ನಡುವೆ ದುಡ್ಡು ಕಳಿಸೋದು. ಬೇರೇನು ಹೆಸರಿದೆ ಇದಕ್ಕೆ?

ಈ ಹಿನ್ನೆಲೆಯಲ್ಲಿ ಜೋಯಾ ಅಖ್ತರ್ ನಿರ್ದೇಶನದ 'ದಿಲ್ ಧಡಕ್ನೇ ದೋ' (2015) ಮತ್ತೆ ನೋಡಿದೆ. ಮೊದಲ ಸಲ ನೋಡಿದಾಗ ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷ ಆಗಿತ್ತು, ಪಿಜಿಯಲ್ಲಿ ಆರು ಜನ ಕೂತು ನೋಡಿ, ಒಂದು ದಿನ ನಾವೂ ಹೋಗಬೇಕು ಅಂತ ಮಾತಾಡಿಕೊಂಡಿದ್ವಿ. ಈಗಲೂ ಹೇಳ್ತೀನಿ, ಅದು ಕೆಟ್ಟ ಸಿನಿಮಾ ಅಲ್ಲ. ದಿಲ್ಲಿಯ ಶ್ರೀಮಂತ ದಂಪತಿ ಮದುವೆಯ ಮೂವತ್ತನೇ ವರ್ಷಕ್ಕೆ ಬಂಧು ಬಳಗವನ್ನೆಲ್ಲ ಮೆಡಿಟರೇನಿಯನ್ ಕ್ರೂಸಿಗೆ ಕರ್ಕೊಂಡು ಹೋಗ್ತಾರೆ. ಮನೆಯಲ್ಲಿ ಜಗಳ ಆದ್ರೆ ಬಾಗಿಲು ಬಡಿದು ಹೊರಗೆ ಹೋಗಬಹುದು, ಹಡಗಿನಲ್ಲಿ ಎಲ್ಲಿಗೆ ಹೋಗ್ತೀರಿ? ಬೆಳಗಿನ ತಿಂಡಿಗೆ ಅದೇ ಮುಖ, ಡೆಕ್ಕಿನ ಮೇಲೆ ಅದೇ ಮುಖ, ರಾತ್ರಿ ಪಾರ್ಟಿಯಲ್ಲೂ ಅದೇ. ಸಂಸಾರದ ಸುಳ್ಳು ಬಿಚ್ಚೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತ ಜೋಯಾಗೆ ಸರಿಯಾಗಿ ಗೊತ್ತಾಗಿದೆ. ಶೆಫಾಲಿ ಶಾ ಒಬ್ಬಳೇ ಕೂತು ಕೇಕು ಬಾಯಿಗೆ ತುರುಕಿಕೊಳ್ಳುವ ದೃಶ್ಯ ಒಂದಕ್ಕೇ ಇಡೀ ಸಿನಿಮಾ ನೋಡಬಹುದು.

ಆದರೆ ಕಥೆ ಹೇಳೋದು ಯಾರು? ಆ ಮನೆಯ ನಾಯಿ, ಪ್ಲೂಟೋ. ಆಮೀರ್ ಖಾನ್ ದನಿ, ಜಾವೇದ್ ಅಖ್ತರ್ ಮಾತು. ನಾಯಿಗೆ ಮನುಷ್ಯರ ಬಗ್ಗೆ ಅಭಿಪ್ರಾಯ ಇದೆ, ವ್ಯಂಗ್ಯ ಇದೆ, ವೇದಾಂತವೂ ಇದೆ. ಆ ನಾಯಿಯ ಕೋಣೆ ಗುಡಿಸಿದವನಿಗೆ ಇಡೀ ಸಿನಿಮಾದಲ್ಲಿ ಒಂದು ಮಾತಿಲ್ಲ. ಹಡಗಿನ ನೌಕರರ ಪೈಕಿ ಹೆಸರು, ಕಥೆ ಎರಡೂ ಇರೋದು ಫರಾಹ್ ಅಲಿಗೆ ಮಾತ್ರ. ಅನುಷ್ಕಾ ಶರ್ಮಾ ಮಾಡಿದ ನರ್ತಕಿಯ ಪಾತ್ರ. ಪ್ರಯಾಣಿಕರ ಜೊತೆ ಸಂಬಂಧ ಇಟ್ಟುಕೊಳ್ಳಬಾರದು ಅನ್ನೋ ನಿಯಮ ಮುರಿದಳು ಅಂತ ಅವಳ ಕೆಲಸ ಹೋಗುತ್ತೆ. ಇದು ನಿಜವಾದ ನಿಯಮ, ಅದರ ಭಯವೂ ನಿಜ. ನಮ್ಮ ಹುಡುಗನ ಹಡಗಿನಲ್ಲೂ ಇದೆ. ಪ್ರಯಾಣಿಕರ ಪಾಲಿಗೆ ಪ್ರೇಮಕಥೆ ಆಗೋದು ಇವರ ಪಾಲಿಗೆ ಮುಂದಿನ ಬಂದರಿನಲ್ಲಿ ಬ್ಯಾಗು ಸಮೇತ ಇಳಿಯೋದು. ಸಿನಿಮಾ ಇಷ್ಟು ಹತ್ತಿರ ಬಂದು, ತಕ್ಷಣ ಕ್ಯಾಮೆರಾ ತಿರುಗಿಸಿಬಿಡುತ್ತೆ. ಅವಳ ನೌಕರಿ ಹೋಗಿದ್ದು ನಾಯಕ ಹಡಗಿನಿಂದ ನೀರಿಗೆ ಹಾರೋಕೆ ಒಂದು ನೆಪ ಅಷ್ಟೇ. ಅವನು ಹಾರ್ತಾನೆ, ಅವನ ಹಿಂದೆ ಮನೆಮಂದಿ ಲೈಫ್‌ಬೋಟಿನಲ್ಲಿ ಹೋಗ್ತಾರೆ, ಎಲ್ಲರೂ ಒಂದಾಗ್ತಾರೆ. ಫರಾಹ್‌ಗೆ ಮುಂದೆ ಯಾರು ಕೆಲಸ ಕೊಟ್ಟರು? ಗೊತ್ತಿಲ್ಲ.

(ಆ ಸಿನಿಮಾದ ಹಡಗು ಪುಲ್‌ಮಾಂತೂರ್ ಕಂಪನಿಯ 'ಸಾವರಿನ್'. ಕೋವಿಡ್ ಬಂದು ಕಂಪನಿ ಮುಗ್ಗರಿಸಿದ ಮೇಲೆ 2020ರಲ್ಲಿ ಅದನ್ನ ಟರ್ಕಿಯ ಅಲಿಯಾಗಾ ಅನ್ನೋ ಕಡೆ ಗುಜರಿಗೆ ಒಡೆದರು. ಕಥೆಯಲ್ಲಿ ಅವರು ಸುತ್ತಾಡಿದ ದೇಶವೇ. ಅದನ್ನು ಓದಿದ ದಿನ ಯಾಕೋ ಬೇಜಾರಾಗಿತ್ತು.)

ಇಂಗ್ಲಿಷಿನಲ್ಲಿ ಕ್ರೂಸ್ ಬಗ್ಗೆ ಏನಾದರೂ ಓದಬೇಕು ಅಂದರೆ ಎಲ್ಲರೂ ತೋರಿಸೋದು ಡೇವಿಡ್ ಫಾಸ್ಟರ್ ವಾಲೇಸನ 'ಎ ಸಪೋಸೆಡ್ಲಿ ಫನ್ ಥಿಂಗ್ ಐ'ಲ್ ನೆವರ್ ಡು ಅಗೇನ್'. 1995ರ ಮಾರ್ಚಿನಲ್ಲಿ 'ಹಾರ್ಪರ್ಸ್' ಪತ್ರಿಕೆಯವರು ತಮ್ಮ ಖರ್ಚಿನಲ್ಲಿ ಅವನನ್ನ 'ಝೆನಿತ್' ಅನ್ನೋ ಹಡಗು ಹತ್ತಿಸಿದರು. ಝೆನಿತ್ ಅಂದ್ರೆ ನಡುನೆತ್ತಿ. ಇವನು ಬರಹದಲ್ಲಿ ಅದಕ್ಕೆ 'ನೇಡಿರ್' ಅಂತ, ಅಂದ್ರೆ ತಳ ಅಂತ, ಹೆಸರಿಟ್ಟ. ಏಳು ರಾತ್ರಿ ಕೆರಿಬಿಯನ್ ಸಮುದ್ರ. ಅಷ್ಟಕ್ಕೇ ಅಷ್ಟುದ್ದದ ಪ್ರಬಂಧ, ಅಡಿಟಿಪ್ಪಣಿಗಳದ್ದೇ ಇನ್ನೊಂದು ಹಡಗು. ಹಡಗಿನ ದಿನಚರಿಯನ್ನ ಅವನಷ್ಟು ಹತ್ತಿರದಿಂದ ಬರೆದವರನ್ನ ನಾನು ಓದಿಲ್ಲ. ಊಟದ ಮೇಲೆ ಊಟ, ನಗುವಿನ ಮೇಲೆ ನಗು, ಎಷ್ಟು ಮುದ್ದು ಮಾಡಿದರೂ ಸಾಕಾಗದೆ ಹಟ ಹಿಡಿಯುವ ಒಳಗಿನ ಕೂಸು. ಎರಡು ತಿಂಗಳಾದ ಮೇಲೆ ಹೊಸ ಫೋನೂ ಬೇಸರ ಬರುವ ನಮ್ಮಂಥವರಿಗೆ ಆ ಕೂಸಿನ ಪರಿಚಯ ಚೆನ್ನಾಗಿದೆ.

ಅದರಲ್ಲಿ ಎರಡು ಜಾಗ ನನಗೆ ಮುಖ್ಯ.

ಹಡಗು ಹತ್ತಿದ ದಿನ ತನ್ನ ಬ್ಯಾಗನ್ನ ತಾನೇ ಹೊತ್ತುಕೊಂಡು ಕ್ಯಾಬಿನ್ನಿಗೆ ಹೋಗ್ತಾನೆ ವಾಲೇಸ್. ಒಳ್ಳೆತನ ಅಂತ ಅಂದುಕೊಂಡಿರ್ತಾನೆ. ಆದರೆ ಅದರಿಂದ ಪೋರ್ಟರ್ ಕಷ್ಟಕ್ಕೆ ಸಿಕ್ಕಿಹಾಕಿಕೊಳ್ತಾನೆ. ಪ್ರಯಾಣಿಕ ಹೇಳಿದ್ದಕ್ಕೆ ಇಲ್ಲ ಅನ್ನಬಾರದು, ಪ್ರಯಾಣಿಕನ ಕೈಯಲ್ಲಿ ಬ್ಯಾಗ್ ಹೊರಿಸಲೂಬಾರದು. ಎರಡೂ ನಿಯಮ. ಎರಡರ ನಡುವೆ ಬೈಸಿಕೊಂಡವನು ಪೋರ್ಟರ್. ಇದನ್ನ ಓದುವಾಗ ಮುಖ ಬಿಸಿಯಾಯ್ತು, ಯಾಕಂದ್ರೆ ಇದೇ ತಪ್ಪು ನಾನೂ ಮಾಡಿದ್ದೀನಿ. ಹೋದ ವರ್ಷ ಆಫೀಸಿನವರು ಮುಂಬೈಯಿಂದ ಎರಡು ರಾತ್ರಿಯ ಕ್ರೂಸಿಗೆ ಕರೆದೊಯ್ದಿದ್ದರು. ಊಟ ಆದ ಮೇಲೆ ಊರಿನ ರೂಢಿಯಂತೆ ತಾಟು ಎತ್ತಿಕೊಂಡು ನಿಂತೆ, ಎಲ್ಲಿ ಇಡಬೇಕು ಅಂತ ಹುಡುಕ್ತಾ. ಓಡಿ ಬಂದ ಹುಡುಗ 'ಸಾರ್, ಪ್ಲೀಸ್' ಅಂತ ತಾಟು ಕಸಿದುಕೊಂಡ. ಅವನ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಹೆಗಲ ಹಿಂದೆ, ಮೂಲೆಯಲ್ಲಿ ನಿಂತ ಸೂಪರ್‌ವೈಸರ್ ಮೇಲಿತ್ತು.

ಅವತ್ತು ನಡುರಾತ್ರಿಯ ಬಫೆ ಮುಂದೆ ನಿಂತಾಗ ನೆನಪಾಗಿದ್ದು ಕೊಪ್ಪಳದ ಗವಿಮಠದ ಜಾತ್ರೆ. ಅಲ್ಲೂ ಹೀಗೇ, ಎಲ್ಲಿ ನೋಡಿದರೂ ಊಟ. ರೊಟ್ಟಿಯ ಗುಡ್ಡ, ಮಾದ್ಲಿ, ಈಚೆಗೆ ಮಿರ್ಚಿ ಬಜಿ. ನಮ್ಮೂರಿನ ಹೆಂಗಸರು ವಾರಗಟ್ಟಲೆ ಮೊದಲೇ ರೊಟ್ಟಿ ಬಡಿದು, ಟ್ರ್ಯಾಕ್ಟರ್ ತುಂಬಿ ಕಳಿಸ್ತಾರೆ. ಬಡಿದವರೇ ಎರಡು ದಿನ ಬಿಟ್ಟು ಅದೇ ಸಾಲಿನಲ್ಲಿ ಕೂತು ಉಣ್ತಾರೆ, ಉಂಡು ಎದ್ದವರು ಬುಟ್ಟಿ ಹಿಡಿದು ಬಡಿಸೋಕೆ ನಿಲ್ತಾರೆ. ಜಾತ್ರೆ ಮುಗಿದ ಮೇಲೆ ಊರು ಮತ್ತೆ ಊರೇ, ಅಲ್ಲಿ ಯಾರು ಎಲ್ಲಿ ಕೂರಬೇಕು ಅನ್ನೋದು ನನಗೂ ಗೊತ್ತು, ಅದನ್ನ ಮುಚ್ಚಿಡೋದಿಲ್ಲ. ಆದರೂ ಬಡಿಸುವವನೂ ಉಣ್ಣುವವನೂ ಜಾಗ ಬದಲಿಸೋ ಊಟವನ್ನ ಕಂಡವನಿಗೆ ಹಡಗಿನ ಬಫೆ ವಿಚಿತ್ರ ಅನ್ನಿಸುತ್ತೆ. ಬಡಿಸುವವನ ಊಟ ಬೇರೆ ಮಜಲಿನಲ್ಲಿ, ಬೇರೆ ಹೊತ್ತಿಗೆ, ಕ್ರೂ ಮೆಸ್ಸಿನಲ್ಲಿ.

ವಾಲೇಸನ ಎರಡನೇ ಜಾಗ ಇನ್ನೂ ಚೆಂದ. ಅವನ ಕ್ಯಾಬಿನ್ ನೋಡಿಕೊಳ್ಳುವ ಹೆಂಗಸು ಪೆಟ್ರಾ. ಇವನು ಅರ್ಧ ಗಂಟೆಗಿಂತ ಹೆಚ್ಚು ಹೊರಗೆ ಹೋದರೆ ಬರುವಷ್ಟರಲ್ಲಿ ಕೋಣೆ ಫಳಫಳ. ಅರ್ಧ ಗಂಟೆಯೊಳಗೆ ಬಂದರೆ ಏನೂ ಮುಟ್ಟಿರೋದಿಲ್ಲ. ಅವಳಿಗೆ ಹೇಗೆ ಗೊತ್ತಾಗುತ್ತೆ? ಸುಮ್ಮನೆ ಹೊರಗೆ ಹೋಗಿ, ಥಟ್ಟನೆ ವಾಪಸ್ ಬಂದು, ಕಾರಿಡಾರಿನಲ್ಲಿ ಇಣುಕಿ, ಏನೆಲ್ಲ ಪರೀಕ್ಷೆ ಮಾಡ್ತಾನೆ. ಉತ್ತರ ಸಿಗೋದಿಲ್ಲ. ಅದನ್ನೊಂದು ಮಾಯೆ ಅಂತ ಬಿಟ್ಟುಬಿಡ್ತಾನೆ.

ಇದನ್ನ ನಮ್ಮ ಹುಡುಗನಿಗೆ ಹೇಳಿದೆ. ನಕ್ಕು ನಕ್ಕು ಸಾಕಾಯ್ತು ಅವನಿಗೆ. 'ಮಾಯೆ ಎಲ್ಲೀದಣ್ಣಾ! ಟ್ರಾಲಿ ಕಾರಿಡಾರಿನ್ಯಾಗ ಇರತೈತಿ, ಕಣ್ಣು ಬಾಗಲ್ದಾಗ ಇರತಾವು. ಯಾರ ಊಟ ಎಷ್ಟೊತ್ತಿಗೆ ಅಂತ ಗೊತ್ತಿರತೈತಿ. ಚಪ್ಲಿ ಮ್ಯಾಲ ಹೋದ್ರ ಈಜಾಕ, ಬೂಟ್ ಹಾಕ್ಕೊಂಡ್ರ ಊಟಕ್ಕ, ಪುಸ್ತಕ ಹಿಡಕೊಂಡ್ರ ಡೆಕ್ಕಿಗೆ, ಅಂದ್ರ ಒಂದ್ ತಾಸು. ಬರೇ ಕೈ ಬೀಸ್ಕೊಂತ ಹೋದ್ರ ನಂಬಂಗಿಲ್ಲ, ತಿರಿಗಿ ಬರ್ತಾರ. ಮೂರ್ ದಿನದಾಗ ಹದಿನೆಂಟೂ ಕ್ಯಾಬಿನ್ನಿನ ಜಾತಕ ಬರ್ಕೊಂಡ್ಬಿಡ್ತೀವಿ, ತಲಿಯೊಳಗ.'

ನಾನು ದಿನವಿಡೀ ಸರ್ವರ್ ಲಾಗ್ ಓದುವ ಕೆಲಸದವನು. ಬಳಕೆದಾರನಿಗೆ ಪರದೆ ಕಾಣುತ್ತೆ, ಒಳಗಿನದು ನಮಗೆ ಕಾಣುತ್ತೆ. ವಾಲೇಸ್ ಎಷ್ಟೇ ಬುದ್ಧಿವಂತನಾದರೂ ಬಳಕೆದಾರ. ಪೆಟ್ರಾಳ ಹತ್ತಿರ ಕೂತು ನಿನ್ನ ದಿನ ಹೇಗೆ ಅಂತ ಒಂದು ಗಂಟೆ ಕೇಳಿದ್ದರೆ ಅವನ ಪ್ರಬಂಧ ಬೇರೆಯೇ ಆಗ್ತಿತ್ತು. ಅವನಿಗೆ ಅವಳ ಬಗ್ಗೆ ಪ್ರೀತಿ ಇದೆ, ಪಾಪಪ್ರಜ್ಞೆ ಇದೆ. ನನ್ನ ತಕರಾರು ಅವನ ಕರುಣೆಯ ಬಗ್ಗೆ ಅಲ್ಲ. ಹಡಗಿನ ದಿನವನ್ನ ನೇಯುತ್ತಿರೋಳು ಅವಳು, ಇವನು ಆ ಬಟ್ಟೆಯ ಮೇಲೆ ಮಲಗಿಕೊಂಡು ನೇಯ್ಗೆಯ ಬಗ್ಗೆ ಬರೀತಾನೆ.

ಆ ನೇಯ್ಗೆ ನಮ್ಮ ಹುಡುಗನ ಮಾತಿನಲ್ಲಿ ಹೀಗಿದೆ. ಬೆಳಿಗ್ಗೆ ಕ್ಯಾಬಿನ್ ಸುತ್ತು, ಸಂಜೆ ಇನ್ನೊಂದು ಸುತ್ತು. ಸಂಜೆ ಹಾಸಿಗೆ ಮೇಲೆ ಟವೆಲ್ಲಿನ ಆನೆಯೋ ಮಂಗನೋ ಕೂರಬೇಕು, ಮರುದಿನದ ಕಾರ್ಯಕ್ರಮದ ಹಾಳೆ ಇರಬೇಕು. ನಡುವೆ ಮೂರು ತಾಸು ಬಿಡುವು, ಅದರಲ್ಲೂ ಎಷ್ಟೋ ದಿನ ಲೈಫ್‌ಬೋಟ್ ಡ್ರಿಲ್. ಮಲಗೋದು ನೀರಿನ ಮಟ್ಟದ ಕೆಳಗೆ, ಕಿಟಕಿ ಇಲ್ಲದ ಕೋಣೆ, ಮೇಲೊಬ್ಬ ಕೆಳಗೊಬ್ಬ. ಇವನ ಮೇಲಿನ ಹಾಸಿಗೆಯವನು ಫಿಲಿಪೀನ್ಸಿನವನು, ಇಬ್ಬರಿಗೂ ಅನ್ನ ಬೇಕು, ಅದೇ ದೋಸ್ತಿ. ಹಡಗಿನ ಉದ್ದಕ್ಕೂ ನೌಕರರ ಒಂದು ಹಾದಿ ಇರುತ್ತೆ, ಸಾಮಾನು, ಕಸ, ಮನುಷ್ಯರು ಎಲ್ಲ ಅದರಲ್ಲೇ ಓಡಾಡೋದು. ಬಹಳ ಹಡಗುಗಳಲ್ಲಿ ಅದನ್ನ ಅಮೆರಿಕದ ಹೆದ್ದಾರಿಯೊಂದರ ಹೆಸರಿನಲ್ಲಿ 'ಐ-95' ಅಂತಾರೆ. ಪ್ರಯಾಣಿಕರು ಅದನ್ನ ಜನ್ಮದಲ್ಲಿ ನೋಡಿರೋದಿಲ್ಲ.

ಕಾನೂನು ಇಲ್ಲ ಅಂತಲ್ಲ. 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ವಿಶ್ರಾಂತಿ ಕೊಡಬೇಕು. ಭಾರತವೂ 2015ರಲ್ಲಿ ಅದಕ್ಕೆ ಸಹಿ ಹಾಕಿದೆ. ಆ 10 ಗಂಟೆಯನ್ನ ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆಗಿಂತ ಕಡಿಮೆ ಇರಬಾರದು. ವಾರದ ರಜೆ ಅನ್ನೋ ಮಾತು ಆ ಲೆಕ್ಕದಲ್ಲಿ ಬರೋದಿಲ್ಲ. ಶನಿವಾರ ಪ್ರೊಡಕ್ಷನ್ ಸಪೋರ್ಟ್ ಇದ್ದರೆ ಲಿಂಕ್ಡ್‌ಇನ್ನಿನಲ್ಲಿ ಕವಿತೆ ಬರೆಯುವ ನಾವು ಇದನ್ನ ಎರಡು ಸಲ ಓದಬೇಕು.

ದೊಡ್ಡ ಸಾಗರ ದಾಟುವಾಗ ಇನ್ನೊಂದು ವಿಚಿತ್ರ. ಪೂರ್ವಕ್ಕೆ ಹೋಗುವಾಗ ಗಡಿಯಾರವನ್ನ ಆಗಾಗ ಒಂದು ತಾಸು ಮುಂದೆ ತಿರುಗಿಸ್ತಾರೆ. ಪ್ರಯಾಣಿಕರು ಒಂದು ತಾಸು ತಡವಾಗಿ ಏಳ್ತಾರೆ, ಇವನ ನಿದ್ದೆಯಲ್ಲಿ ಒಂದು ತಾಸು ಖೋತಾ. ನಮಗೆ ಟೈಮ್ ಝೋನ್ ಅಂದ್ರೆ ಒಂದು ಬಗ್, ಟಿಕೆಟ್ ಹಾಕಿ ಸರಿಮಾಡ್ತೀವಿ. ಹೋದ ವರ್ಷ ಅವನ ಹಡಗು ಅಮೆರಿಕದಿಂದ ಆಸ್ಟ್ರೇಲಿಯಾ ಕಡೆ ಹೊರಟಿತ್ತು. ಶಾಂತಸಾಗರದ ನಡುವೆ ತಾರೀಖಿನ ಗೆರೆ ದಾಟಿದಾಗ ಕ್ಯಾಲೆಂಡರಿನ ಒಂದು ದಿನವೇ ಮಾಯ. ರಾತ್ರಿ ಮಲಗಿದ್ದು ಒಂದು ತಾರೀಖು, ಎದ್ದದ್ದು ಅದರ ಮರುದಿನದ ಮರುದಿನ. ಪ್ರಯಾಣಿಕರಿಗೆ ಅದೊಂದು ಹಬ್ಬ, ಪಾರ್ಟಿ. ಹಾಗೆ ಬಿಟ್ಟುಹೋದ ತಾರೀಖು ಇವನ ಮಗನ ಮೊದಲ ಹುಟ್ಟುಹಬ್ಬದ್ದು. ನಾನು ಊರಲ್ಲಿದ್ದೆ. ಕುಷ್ಟಗಿಯಿಂದ ಕೇಕು ತಂದಿದ್ವಿ, ಫೋನ್ ಹಿಡಿದು ಕೂತಿದ್ವಿ. ಚಿಗವ್ವ ಕೇಳಿದಳು, 'ಯಾಕೋ, ಅಂವ್ಗ ಇವತ್ತು ನೆನಪಿಲ್ಲೇನು?' ನಾನು ಗೋಲ, ರೇಖಾಂಶ ಅಂತ ವಿವರಿಸೋಕೆ ಹೋದೆ. ಆಕಿ ಸುಮ್ಮನೆ ಕೇಳಿಸಿಕೊಂಡು, 'ಅಂದ್ರ ಅಲ್ಲೆ ಇವತ್ತ ಆಗಂಗೇ ಇಲ್ಲ' ಅಂದು ಒಳಗೆ ಎದ್ದು ಹೋದಳು.

ನೌಕರರನ್ನ ಕಾಣಿಸಲೇಬೇಕು ಅಂತ ಹೊರಟ ಸಿನಿಮಾ ಒಂದಿದೆ, ರೂಬೆನ್ ಆಸ್ಟ್ಲುಂಡನ 'ಟ್ರಯಾಂಗಲ್ ಆಫ್ ಸ್ಯಾಡ್‌ನೆಸ್'. 2022ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ಡೋರ್ ಬಂತು. ಅದರಲ್ಲೊಬ್ಬ ಶ್ರೀಮಂತ ಹೆಂಗಸು, ನೌಕರರೆಲ್ಲ ಕೆಲಸ ಬಿಟ್ಟು ಈಗಲೇ ಈಜಬೇಕು ಅಂತ ಹಟ ಹಿಡೀತಾಳೆ. ನಾವೆಲ್ಲ ಸಮಾನರು ಅನ್ನೋದು ಅವಳ ವಾದ. ಇಲ್ಲ ಅನ್ನೋ ಹಾಗಿಲ್ಲ, ಅಡುಗೆಯವರೂ ಸಾಲಾಗಿ ನೀರಿಗೆ ಇಳೀತಾರೆ. ಸಮಾನತೆಯನ್ನೂ ಆರ್ಡರ್ ಮಾಡಿ ತರಿಸಬಹುದು ಅನ್ನೋದನ್ನ ಇಷ್ಟು ಚುರುಕಾಗಿ ಇನ್ಯಾರೂ ತೋರಿಸಿಲ್ಲ. ಆಮೇಲೆ ಹಡಗು ಮುಳುಗಿ, ಬದುಕಿದವರು ದಡ ಸೇರಿದ ಮೇಲೆ, ಕಕ್ಕಸು ತೊಳೆಯುವ ತಂಡದ ಅಬಿಗೇಲ್ (ಡಾಲಿ ಡಿ ಲಿಯಾನ್, ಅದ್ಭುತ ನಟಿ) ಮೀನು ಹಿಡೀತಾಳೆ, ಬೆಂಕಿ ಹಚ್ತಾಳೆ. ಬೇರೆಯವರಿಗೆ ಏನೂ ಬರೋದಿಲ್ಲ. ಅವಳೇ ಕ್ಯಾಪ್ಟನ್.

ಥಿಯೇಟರಿನಲ್ಲಿ ನಾನೂ ಚಪ್ಪಾಳೆ ಹೊಡೆದೆ. ಮನೆಗೆ ಬಂದ ಮೇಲೆ ಕಿರಿಕಿರಿ ಶುರುವಾಯ್ತು. ಹಡಗು ಇರುವವರೆಗೂ ಅಬಿಗೇಲ್ ಸಿನಿಮಾದಲ್ಲಿ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ. ಅವಳಿಗೆ ಮಾತು ಕೊಡಬೇಕಾದರೆ ನಿರ್ದೇಶಕ ಹಡಗನ್ನೇ ಮುಳುಗಿಸಬೇಕಾಯ್ತು. ಮೀನು ಹಿಡಿಯೋದು ಗೊತ್ತಿದ್ದಕ್ಕೆ ಅವಳು ಮನುಷ್ಯಳಾದಳು, ಇಡೀ ಹಡಗಿನ ಕಕ್ಕಸುಗಳನ್ನ ಅಚ್ಚುಕಟ್ಟಾಗಿ ಇಟ್ಟಿದ್ದಕ್ಕಲ್ಲ. ನಮ್ಮ ಹುಡುಗನೂ ಅದನ್ನ ಫೋನಿನಲ್ಲಿ ನೋಡಿದ್ದ. ಅವನ ವಿಮರ್ಶೆ ನನ್ನದಕ್ಕಿಂತ ಚಿಕ್ಕದು. 'ಅಣ್ಣಾ, ನಾನಾದ್ರ ಅಲ್ಲೆ ಉಪವಾಸ ಸಾಯ್ತಿದ್ನಿ. ಮೀನ ಹಿಡಿಯಾಕ ಬರಂಗಿಲ್ಲ, ಈಜಾಕ ಬರಂಗಿಲ್ಲ. ನಮ್ಮ ಬಾವ್ಯಾಗ ನೀರು ಎಲ್ಲಿದ್ವು?' ತರಬೇತಿಯಲ್ಲಿ ಲೈಫ್ ಜಾಕೆಟ್ ತೊಟ್ಟು ಕೊಳಕ್ಕೆ ಜಿಗಿಯಬೇಕಿತ್ತಂತೆ. ಅವನು ತುಂಬಿದ ನೀರಿಗೆ ಇಳಿದದ್ದು ಅದೇ ಮೊದಲು.

ಕನ್ನಡದಲ್ಲಿ ಸಮುದ್ರ ಬಂದದ್ದು ಹೇಗೆ ಅಂತ ನೋಡಿದರೆ, ಅಲ್ಲೂ ಒಬ್ಬ ಒಳನಾಡಿನ ಹುಡುಗನೇ ಸಿಗ್ತಾರೆ. ಸವಣೂರಿನ ವಿ. ಕೃ. ಗೋಕಾಕರು 1936ರಲ್ಲಿ ಓದೋಕೆ ಅಂತ ಆಕ್ಸ್‌ಫರ್ಡಿಗೆ ಹೋದರು. ಆಗ ಹೋಗೋದು ಅಂದ್ರೆ ಹಡಗೇ. 1940ರಲ್ಲಿ 'ಸಮುದ್ರ ಗೀತೆಗಳು' ಬಂತು. ಸಮುದ್ರ ಕಾಣದ ಸೀಮೆಯವನಿಗೆ ಮೊದಲ ಸಲ ಅಷ್ಟು ನೀರು ಕಂಡಾಗ ಛಂದಸ್ಸೇ ಅಲುಗಾಡಿಬಿಡೋದು ನನಗೆ ಅರ್ಥ ಆಗುತ್ತೆ. ಮುನಿರಾಬಾದಿನ ಡ್ಯಾಮಿನ ಹಿನ್ನೀರನ್ನೇ ಸಮುದ್ರ ಅಂತ ನಂಬಿ ಬೆಳೆದವನು ನಾನು. ಆದರೆ ಓದೋಕೆ ಹೋದವನಿಗೆ ಕಂಡ ಸಮುದ್ರ, ದುಡಿಯೋಕೆ ಹೋದವನಿಗೆ ಕಾಣೋದಿಲ್ಲ. ನಮ್ಮ ಹುಡುಗನಿಗೆ ಸಮುದ್ರ ಹೇಗಿರುತ್ತೋ ಅಂತ ಕೇಳಿದ್ದಕ್ಕೆ, 'ಬಾಲ್ಕನಿ ಕ್ಯಾಬಿನ್ ಒರಸುವಾಗ ಕಾಣ್ತೈತಿ, ಗ್ಲಾಸಿನ ಮ್ಯಾಲ ಉಪ್ಪು ಕೂಡ್ತೈತಿ, ಅದೊಂದ್ ತ್ರಾಸು' ಅಂದಿದ್ದ. ಈ ಉಪ್ಪು ಕನ್ನಡದಲ್ಲಿ ಇನ್ನೂ ಯಾರಾದರೂ ಬರೆಯಬೇಕಾಗಿದೆ.

ಇಷ್ಟೆಲ್ಲ ಬರೆದದ್ದನ್ನ ಅವನಿಗೆ ಓದಿ ಹೇಳಿದಾಗ ಅವನಿಗೆ ಅಷ್ಟೇನೂ ಖುಷಿಯಾಗಲಿಲ್ಲ. ಅಯ್ಯೋ ಪಾಪ ಅನ್ನಿಸುವಂಗ ಬರೀಬ್ಯಾಡ ಅಂದ. ಅವನ ಮಾತೂ ಇಲ್ಲಿ ಬರಬೇಕು. ಬೋರ್‌ವೆಲ್ಲಿನ ಸಾಲ ತೀರಿದೆ. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಮನೆ ಆಗಿದೆ. ಇಂಗ್ಲಿಷನ್ನ ನನಗಿಂತ ಸಲೀಸಾಗಿ ಮಾತಾಡ್ತಾನೆ, ಹಡಗಿನ ಏಣಿ ಇಳಿದು ಮೂರು ಮೂರು ತಾಸಿನಂತೆ ನೋಡಿದ ಬಂದರುಗಳ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಅವರಪ್ಪನ ಗೋವಾ ಗುಳೆಯಲ್ಲಿ ತಗಡಿನ ಶೆಡ್ಡು, ಮೇಸ್ತ್ರಿಯ ಬೈಗುಳ. ಅದಕ್ಕಿಂತ ಇದು ಎಷ್ಟೋ ವಾಸಿ ಅನ್ನೋದು ಅವನ ಲೆಕ್ಕ. 'ನೀನೂ ಬೆಂಗಳೂರಿಗೆ ಗುಳೇನ ಹೋಗೀಯಲ್ಲಣ್ಣಾ, ನಿಂದ ಯಾರರ ಸಿನಿಮಾ ಮಾಡ್ಯಾರೇನು?' ಅಂತಲೂ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ಪಾಸ್‌ಪೋರ್ಟ್ ಅರ್ಜಿ ತುಂಬಿದ್ದು ನಾನೇ. ಹೋಗು ಅಂತ ಧೈರ್ಯ ಹೇಳಿದ್ದೂ ನಾನೇ, ಆ ಪಿಜಿಯಲ್ಲಿ ನೋಡಿದ ಸಿನಿಮಾದ ಹಡಗು ಕಣ್ಣಲ್ಲಿ ಇಟ್ಟುಕೊಂಡು. ಈಗ ಅವನ ತಮ್ಮ ಕುಷ್ಟಗಿಯಲ್ಲಿ ಬಿ.ಎ. ಮುಗಿಸಿ ಕೂತಿದ್ದಾನೆ. ಹೋದ ಭಾನುವಾರ ಫೋನ್ ಮಾಡಿದ್ದ. ಕಡಲ ನೌಕರಿಗೆ ಸಿಡಿಸಿ ಅನ್ನೋ ಪುಸ್ತಕ ಬೇಕಲ್ಲ, ಅದಕ್ಕೆ ಅರ್ಜಿ ಹಾಕೋದು ಹೇಗೆ ಅಂತ. ಆಮೇಲೆ ದನಿ ಇಳಿಸಿ, 'ಅಣ್ಣಾ, ಹೋಗ್ಲ್ಯಾ ಬ್ಯಾಡಾ?' ಅಂದ.

ನಿಮ್ಮಣ್ಣಗ ಒಂದ್ ಮಾತು ಕೇಳಿ ಹೇಳ್ತೀನಿ ಅಂದೆ. ಅವನ ಹಡಗು ಈಗ ಮತ್ತೆ ಯಾವುದೋ ಸಾಗರದ ನಡುವೆ ಇದೆ. ಮೆಸೇಜ್ ಹಾಕಿ ಎರಡು ದಿನ ಆಯ್ತು, ಇನ್ನೂ ಒಂದೇ ಟಿಕ್ ತೋರಿಸ್ತಿದೆ.